ಎಕ್ಸ್‌ರೇ ಕೋಣೆಯಲ್ಲಿ ಮಗು ಹಿಡಿಯುವ ಸಣ್ಣತಾಯಮ್ಮ

ಪುಣಜನೂರಿನ ಮೊದಲ ಬಸ್ಸು ಚಾಮರಾಜನಗರ ಮುಟ್ಟಿ, ಅದರಿಂದ ಇಳಿದವರು ನಡೆದುಕೊಂಡು ಆಸ್ಪತ್ರೆಯ ಗೇಟಿಗೆ ಬರುವ ಹೊತ್ತಿಗೆ ಬೀದಿದೀಪ ಇನ್ನೂ ಆರಿರುವುದಿಲ್ಲ. ಅಷ್ಟರಲ್ಲಾಗಲೇ ಸಣ್ಣತಾಯಮ್ಮ ವರಾಂಡ ಒರೆಸಿ ಮುಗಿಸಿರುತ್ತಾರೆ. ಬಕೆಟ್ಟನ್ನು ಮೂಲೆಗೆ ತಳ್ಳಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಾರಿಡಾರಿನ ಕೊನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ಎಕ್ಸ್‌ರೇ ಕೋಣೆ, ಒಳಗೆ ಬರಬಾರದು’ ಎಂದು ಬರೆದಿದೆ. ಆ ಬರಹ ಸಣ್ಣತಾಯಮ್ಮನಿಗೂ ಅನ್ವಯಿಸುತ್ತದೆ. ಹಾಗೆಂದು ಮ್ಯಾನೇಜರ್ ಆರ್ಡರು ಮಾಡಿ ತಿಂಗಳುಗಳೇ ಕಳೆದಿವೆ. ಆದರೆ ಮ್ಯಾನೇಜರ್ ಬರುವುದು ಬಿಸಿಲೇರಿದ ಮೇಲೆ. ಅಲ್ಲಿಯವರೆಗೆ ಈ ಕೋಣೆಗೆ ಬರುವ ಮಕ್ಕಳನ್ನು ಹಿಡಿದುಕೊಳ್ಳುವವರು ಇವರೇ.

ಇವತ್ತು ಬಂದಿರುವವನು ಚಡ್ಡಿ ಹಾಕದ ಒಬ್ಬ ಪೋರ. ಎಡ ಮೊಣಕೈ ಬದನೆಕಾಯಿಯಂತೆ ಊದಿದೆ. ಅತ್ತು ಅತ್ತು ಗಂಟಲು ಕಟ್ಟಿದೆ. ಸಣ್ಣತಾಯಮ್ಮ ಅವನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ.

“ಬಾಪ್ಪ ನನ್ ಸಾಮಿ. ಯಾರ್ಲಾ ನಿನ್ನ ತಳ್ಳುದ್ದು?”

“ಕುರಿ.”

“ಕುರಿ ತಳ್ತಾ? ನೀನು ಅದ್ಕೇನ್ಲಾ ಮಾಡಿದ್ದೆ?”

“ಬಾಲ ಎಳ್ದೆ.”

“ಅಂಗಾರೆ ಕುರಿದೇನೂ ತಪ್ಪಿಲ್ಲ ಬುಡು.”

ಹುಡುಗ ಬಿಕ್ಕುವುದನ್ನು ನಿಲ್ಲಿಸಿ ಒಂದು ಕ್ಷಣ ಯೋಚಿಸುತ್ತಾನೆ. ಅಷ್ಟು ಸಾಕು. ಅವನನ್ನು ಎತ್ತಿಕೊಂಡು ಒಳಗೆ ಹೋಗಿ ಮೇಜಿನ ಮೇಲೆ ಕೂರಿಸುತ್ತಾರೆ. ನೋವಿರುವ ತೋಳಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ತಾಮ್ರದ ತಾಯಿತ ಇದೆ. ಅದು ತೋಳಲ್ಲಿದ್ದರೆ ಪಟದಲ್ಲಿ ಮೂಳೆಯ ಮೇಲೆ ಬಿಳಿ ಕಲೆ ಬೀಳುತ್ತದೆ. ಬಿಚ್ಚಲು ಹೋದರೆ ತಾಯಿ ಅಡ್ಡ ಬರುತ್ತಾಳೆ. ಈ ಸೀಮೆಯಲ್ಲಿ ಮಗುವಿನ ತಾಯಿತವನ್ನೋ ಉಡಿದಾರವನ್ನೋ ಬಿಚ್ಚಿ ನೆಲಕ್ಕಿಡುವಂತಿಲ್ಲ, ಮಗುವನ್ನು ಬರಿಮೈಯಲ್ಲಿ ಬಿಡುವಂತಿಲ್ಲ. ಸಣ್ಣತಾಯಮ್ಮ ತಮ್ಮ ಬಲಗೈ ಮುಂದೆ ಚಾಚುತ್ತಾರೆ. “ಕೆಳಿಕೆ ಮಡಗಕಿಲ್ಲ ಕಣವ್ವ. ನನ್ ಕೈಗೆ ಕಟ್ಬುಡು. ಪಟ ತಗ್ಯೋಗಂಟ ಇವನ ಬದ್ಲು ನಾನು ಕಟ್ಕೊಂಡಿರ್ತೀನಿ.” ತಾಯಿ ಕಟ್ಟುತ್ತಾಳೆ. ಆಮೇಲೆ ಹೊರಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ.

ಟೆಕ್ನೀಷಿಯನ್ ಅಬ್ದುಲ್ ಜಬ್ಬಾರ್ ಗೋಡೆಯ ಮರೆಗೆ ಸರಿದು, ಸೀಸ ಬೆರೆಸಿದ ಗಾಜಿನ ಕಿಂಡಿಯಿಂದ ಕೇಳುತ್ತಾರೆ: “ರೆಡಿನಾ ತಾಯಮ್ಮ?” ಸಣ್ಣತಾಯಮ್ಮ ಸೀಸದ ಏಪ್ರನ್ ತೊಟ್ಟು, ಒಂದು ಕೈಯಲ್ಲಿ ಹುಡುಗನ ಭುಜ, ಇನ್ನೊಂದರಲ್ಲಿ ಅವನ ಬೆರಳು ಹಿಡಿದಿದ್ದಾರೆ. “ಬಾಯೊಳಿಕೆ ಕಪ್ಪೆ ಅದೆ ಕಣ್ಲಾ, ಬಾಯಿ ಬುಟ್ಟೀಯ, ಎಗರ್ಕೊಂಡು ಓಯ್ತದೆ.” ಹುಡುಗ ಬಾಯಿ ಬಿಗಿಯುತ್ತಾನೆ. ಯಂತ್ರ ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಅಷ್ಟೇ, ಮುಗಿಯಿತು. ಜಬ್ಬಾರರ ಅಂಗಿಯ ಮೇಲೆ ಒಂದು ಬ್ಯಾಡ್ಜ್ ಇದೆ. ಅವರು ಗೋಡೆಯ ಹಿಂದೆ ನಿಂತಿದ್ದರು. ಕಿರಣದ ಪಕ್ಕದಲ್ಲೇ ನಿಂತಿದ್ದ ಸಣ್ಣತಾಯಮ್ಮನ ಎದೆಯ ಮೇಲೆ, ಬ್ಯಾಡ್ಜ್ ಇರಬೇಕಾದಲ್ಲಿ, ಏನೂ ಇಲ್ಲ.

ಆ ಏನೂ ಇಲ್ಲದ ಜಾಗದ ಕಥೆ ಇದು. ಆಸ್ಪತ್ರೆ ಯಾವುದೆಂದು ಬರೆಯುವುದಕ್ಕೆ ಸಣ್ಣತಾಯಮ್ಮ ಒಪ್ಪುವುದಿಲ್ಲ. ಗುಂಡ್ಲುಪೇಟೆ ರಸ್ತೆಯ ಒಂದು ಧರ್ಮಾಸ್ಪತ್ರೆ ಎಂದರೆ ಸಾಕು. “ಆಸ್ಪತ್ರೆ ಎಸ್ರು ಕೆಡುಸ್ಬ್ಯಾಡಿ. ಜನ ಬರದು ನಿಲ್ಲುಸ್ಬುಟ್ರೆ ಮುರ್ದ ಕೈಯ ಎಲ್ಲಿಗ್ ತಕ್ಕೊಂಡೋದಾರು? ನನ್ನೆಸ್ರು ಬೇಕಾರೆ ಬರ್ಕೊಳಿ. ಎಲ್ಲಾರಾ ಒಂದ್ಕಡೆ ಇರ್ಲಿ.”

ಹೆಸರು ಎಲ್ಲಾದರೂ ಒಂದು ಕಡೆ ಇರಲಿ ಎಂದು ಅವರು ಕೇಳುವುದಕ್ಕೆ ಕಾರಣವಿದೆ.

ಬೇಗೂರಿನ ಹುಡುಗಿ ಸಣ್ಣತಾಯಮ್ಮ. ಚಾಮರಾಜನಗರದ ಪುಟ್ಟಮಾದುವಿಗೆ ಮದುವೆಯಾಗಿ ಬಂದರು. ಪುಟ್ಟಮಾದು ಕರಿಕಲ್ಲು ಕ್ವಾರಿಯಲ್ಲಿ ಲಾರಿಗೆ ಬ್ಲಾಕು ಏರಿಸುವ ಗ್ಯಾಂಗಿನಲ್ಲಿದ್ದಾರೆ. ಸಣ್ಣತಾಯಮ್ಮ ಕಸಗುಡಿಸುವ ಆಯಾ ಆಗಿ ಆಸ್ಪತ್ರೆಗೆ ಸೇರಿದ್ದು ದಿನಗೂಲಿಯ ಮೇಲೆ, ಇವತ್ತಿಗೂ ಇರುವುದು ದಿನಗೂಲಿಯ ಮೇಲೆಯೇ. ಇವರು ಸೇರಿದ ವರ್ಷವೇ ಮೈಸೂರಿನ ಯಾವುದೋ ನರ್ಸಿಂಗ್ ಹೋಮಿನಲ್ಲಿ ಬಳಸಿ ಬಿಟ್ಟಿದ್ದ ಹಳೆಯ ಎಕ್ಸ್‌ರೇ ಯಂತ್ರ ಆಸ್ಪತ್ರೆಗೆ ದಾನವಾಗಿ ಬಂತು. ದಾನ ಕೊಟ್ಟವರಿಗೆ ಹಾರ ಹಾಕಿದ ಫೋಟೋ ಈಗಲೂ ಹಾಲ್‌ನಲ್ಲಿ ತೂಗುತ್ತಿದೆ. ಅದಾದ ಕೆಲವೇ ದಿನಕ್ಕೆ ಒಂದು ಮಗು ಮೇಜಿನ ಮೇಲೆ ಒದ್ದಾಡಿ ಒದ್ದಾಡಿ ಫಿಲ್ಮುಗಳೆಲ್ಲ ಮಸುಕಾದವು. ಆಗ ಟೆಕ್ನೀಷಿಯನ್ ಆಗಿದ್ದವರು ಶಿವರಾಮು. ವರಾಂಡದಲ್ಲಿ ಪೊರಕೆ ಹಿಡಿದಿದ್ದ ಸಣ್ಣತಾಯಮ್ಮನನ್ನು “ಏಯ್ ಆಯಾ, ಬಾ ಇಲ್ಲಿ, ಇದನ್ನ ಹಿಡ್ಕೋ” ಎಂದು ಕೂಗಿದರು. ಆ ಕೂಗೇ ನೇಮಕಾತಿ. ಬೇರೆ ಯಾವ ಆರ್ಡರೂ ಆಗಲಿಲ್ಲ. ಒಳಗೆ ಹೋಗಬಾರದು ಎಂಬ ಆರ್ಡರು ಮಾತ್ರ ತಪ್ಪದೆ ಆಯಿತು, ವರ್ಷಗಳ ಮೇಲೆ.

ಈಗ ದಿನಕ್ಕೆ ಹದಿನೈದು ಇಪ್ಪತ್ತು ಪಟ ತೆಗೆಯುವುದುಂಟು. ಅರ್ಧಕ್ಕರ್ಧ ಮಕ್ಕಳದು. ಉಳಿದದ್ದರಲ್ಲಿ ನಡುಗುವ ಮುದುಕರು, ಕುಡಿದು ಬಿದ್ದವರು, ಕ್ವಾರಿಯಲ್ಲಿ ಕಾಲು ಜಜ್ಜಿಸಿಕೊಂಡವರು. ಅಲುಗಾಡುವವರೆಲ್ಲ ಸಣ್ಣತಾಯಮ್ಮನ ಪಾಲು. ಒಮ್ಮೆ ಗುಂಡ್ಲುಪೇಟೆ ಕಡೆಯ ಮದ್ದೂರು ವಲಯದ ಅರಣ್ಯ ಸಿಬ್ಬಂದಿ ತಂತಿ ಉರುಳಿಗೆ ಸಿಕ್ಕಿದ್ದ ಚಿರತೆ ಮರಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದಿದ್ದರು, ಮೂಳೆ ಮುರಿದಿದೆಯೇ ನೋಡಲು. ಅದನ್ನು ಹಿಡಿದವರೂ ಇವರೇ. “ಅದೂ ಮಗೀನಂಗೇ ಕನಾ. ತಾಯ್ತ ಇರ್ನಿಲ್ಲ, ಅಷ್ಟೇಯ.”

ಕೊಯ್ಯದೆ, ಒಡೆಯದೆ ಒಳಗನ್ನು ನೋಡುವ ಈ ವಿದ್ಯೆಯನ್ನು ಲೋಕವೆಲ್ಲ ಹೊಗಳುತ್ತದೆ. ಕಾರ್ಖಾನೆಯ ಬಾಯ್ಲರಿನ ಬೆಸುಗೆ ಸರಿಯಾಗಿದೆಯೇ ಎಂದು ಇದೇ ಬಗೆಯ ಕಿರಣದಲ್ಲಿ ನೋಡುತ್ತಾರೆ. ಹಳೆಯ ಕಂಚಿನ ವಿಗ್ರಹದ ಒಳಗೆ ಟೊಳ್ಳಿದೆಯೇ ಎಂದು ವಿಗ್ರಹಕ್ಕೆ ಗೀರೂ ಬೀಳದಂತೆ ತಿಳಿಯುತ್ತಾರೆ. ಚಾಮರಾಜನಗರದ ಕರಿಕಲ್ಲಿಗೂ ಈಗ ಅಂಥ ಯೋಗ ಬಂದಿದೆ. ಹಡಗು ಹತ್ತುವ ಬ್ಲಾಕಿನೊಳಗೆ ಕೂದಲೆಳೆಯ ಬಿರುಕಿದ್ದರೂ ಪರದೇಶದ ಗಿರಾಕಿ ವಾಪಸು ಕಳಿಸುತ್ತಾನೆ. ಹಾಗಾಗಿ ಕ್ವಾರಿಯವರು ಬೆಂಗಳೂರಿನಿಂದ ಇಂಜಿನಿಯರುಗಳನ್ನು ಕರೆಸುತ್ತಾರೆ. ಅವರು ಕಲ್ಲಿನ ಎರಡು ಮಗ್ಗುಲಿಗೂ ಗ್ರೀಸು ಬಳಿದು, ಒಂದು ಕಡೆಯಿಂದ ಕಿವಿಗೆ ಕೇಳದ ಸದ್ದು ಹಾಯಿಸಿ, ಇನ್ನೊಂದು ಕಡೆ ಅದು ಎಷ್ಟು ಬೇಗ ಬಂತು ಎಂದು ಪೆಟ್ಟಿಗೆಯಲ್ಲಿ ನೋಡುತ್ತಾರೆ. ಬಿರುಕಿದ್ದರೆ ಸದ್ದು ತಡವಾಗುತ್ತದೆ.

ಪುಟ್ಟಮಾದು ಇದನ್ನು ಕಣ್ಣಾರೆ ನೋಡಿ ಬಂದ ದಿನ ಹೆಂಡತಿಯ ಮುಂದೆ ಕೂತು ಸಿಡಿದರಂತೆ. “ಕಲ್ಲ ಮಲಗ್ಸಿ, ಗ್ರೀಸು ಬಳ್ದು, ಡಾಕ್ಟ್ರಂಗೆ ಎದೆ ನೋಡ್ತಾರೆ ಕಣಮ್ಮಿ. ಚತ್ರಿ ಬೇರೆ ಇಡ್ಕೊಂಡವ್ನೆ ಒಬ್ಬ, ಕಲ್ಲಿಗೆ ಬಿಸ್ಲು ಬಡೀಬಾರ್ದಂತೆ. ನಿನ್ ಮೈಯ ಯಾರಾರಾ ಒಂದ್ಸಾರಿ ಕೇಳವ್ರಾ?”

“ನಾನೇನ್ ಆ ಕಲ್ಲಂಗೆ ಅಡಗು ಅತ್ತೀನಾ,” ಎಂದು ಸಣ್ಣತಾಯಮ್ಮ ನಕ್ಕು ಮುದ್ದೆ ಬಡಿಸಿದರು.

ನಕ್ಕುಬಿಡಬಹುದು. ಆದರೆ ಪುಟ್ಟಮಾದು ಕೇಳಿದ ಪ್ರಶ್ನೆ ಪ್ರಶ್ನೆಯೇ. ಎಕ್ಸ್‌ರೇ ಕಿರಣಕ್ಕೆ ವಾಸನೆಯಿಲ್ಲ, ಬಿಸಿಯಿಲ್ಲ, ಚರ್ಮಕ್ಕೆ ತಾಕಿದ್ದೂ ಗೊತ್ತಾಗುವುದಿಲ್ಲ. ಯಾವಾಗಲೋ ಒಮ್ಮೆ ಪಟ ತೆಗೆಸಿಕೊಳ್ಳುವ ರೋಗಿಗೆ ಅದರಿಂದ ಲಾಭವೇ ಹೆಚ್ಚು. ದಿನಾ ಅದರ ಪಕ್ಕ ನಿಲ್ಲುವ ಮೈಗೆ ಮಾತ್ರ ಅದು ಚೂರುಚೂರೇ ಸೇರುತ್ತಾ ಹೋಗುತ್ತದೆ. ಎಷ್ಟು ಸೇರಿತು ಎಂದು ಅಳೆಯುವುದಕ್ಕೆ ಒಂದೇ ದಾರಿ, ಆ ಬ್ಯಾಡ್ಜ್. ಬೆಂಕಿಪೊಟ್ಟಣದಷ್ಟಿರುವ ಪ್ಲಾಸ್ಟಿಕ್ ಬಿಲ್ಲೆ, ಒಳಗೆ ಕಾಗದ ಸುತ್ತಿದ ಪುಟ್ಟ ಫಿಲ್ಮು. ಕಿರಣ ಬಿದ್ದಷ್ಟೂ ಫಿಲ್ಮು ಕಪ್ಪಾಗುತ್ತದೆ. ತಿಂಗಳು ತುಂಬಿದ ಮೇಲೆ ಅದನ್ನು ಬೊಂಬಾಯಿಯ ಪ್ರಯೋಗಾಲಯಕ್ಕೆ ಕಳಿಸಿದರೆ, ಅಲ್ಲಿ ಆ ಕಪ್ಪನ್ನು ಅಳೆದು ಇಂಥವರ ಮೈಗೆ ಇಷ್ಟು ಬಿದ್ದಿದೆ ಎಂದು ತಿಳಿಸುತ್ತಾರೆ. ಮಿತಿ ದಾಟಿದ್ದರೆ ಯಾಕೆ ಎಂದು ಕೇಳುತ್ತಾರೆ. ಯಾರದೋ ಮೈಯನ್ನು ಇಷ್ಟು ದೂರದಿಂದ ಯಾರೋ ಕಾಯುತ್ತಾರಲ್ಲ ಎಂದು ಹೆಮ್ಮೆಪಡುವಂಥ ಏರ್ಪಾಡು ಇದು. ಈ ಆಸ್ಪತ್ರೆಯಲ್ಲಿ ಬ್ಯಾಡ್ಜ್ ಇದ್ದದ್ದು ಟೆಕ್ನೀಷಿಯನ್ನಿಗೆ ಮತ್ತು ಡಾಕ್ಟರಿಗೆ. ಕಿರಣ ಹಾಯುವಾಗ ಕೋಣೆಯೊಳಗೆ ನಿಲ್ಲುವುದು ಆಯಾ.

ಶಿವರಾಮು ಕೆಲಸ ಬಿಟ್ಟು ಹೋದ ಮೇಲೆ ಬಂದವರು ಜಬ್ಬಾರ್. ಚಾಮರಾಜನಗರದ ಪೇಟೆಯಲ್ಲೇ ಹುಟ್ಟಿ ಬೆಳೆದವರು, ಅಪ್ಪ ಹಾಸಿಗೆ ಹೊಲಿಯುತ್ತಿದ್ದರು. ಬಂದ ಮೊದಲ ವಾರವೇ ಸಣ್ಣತಾಯಮ್ಮ ತೊಡುವ ಸೀಸದ ಏಪ್ರನ್ ಕಂಡು ಅವರಿಗೆ ಅನುಮಾನ ಬಂತು. ಸೀಸದ ಹಾಳೆ ಒಳಗಿಟ್ಟು ಹೊಲಿದ ಆ ಭಾರದ ಅಂಗಿಯನ್ನು ಯಾರೋ ವರ್ಷಗಟ್ಟಲೆ ಮಡಿಚಿ ಮೊಳೆಗೆ ನೇತುಹಾಕಿದ್ದರು. ಹೊರಗಿನ ಬಟ್ಟೆ ನೆಟ್ಟಗಿತ್ತು. ಜಬ್ಬಾರ್ ಏಪ್ರನ್ನನ್ನೇ ಮೇಜಿನ ಮೇಲೆ ಮಲಗಿಸಿ ಅದರ ಎಕ್ಸ್‌ರೇ ತೆಗೆದರು. ಫಿಲ್ಮು ತೊಳೆದು ಬೆಳಕಿಗೆ ಹಿಡಿದರೆ ಮಡಿಕೆ ಬಿದ್ದಲ್ಲೆಲ್ಲ ಕಪ್ಪು ಗೆರೆ, ಬೇಸಿಗೆಯ ಕೆರೆಯಂಗಳ ಸೀಳುಬಿಟ್ಟಂತೆ. ಕಿರಣವನ್ನು ತಡೆಯಬೇಕಾದ ಅಂಗಿ ಹೊಟ್ಟೆಯ ನೇರಕ್ಕೇ ಸೋರುತ್ತಿತ್ತು.

ಫಿಲ್ಮು ಹಿಡಿದು ಮ್ಯಾನೇಜರ್ ಮುಂದೆ ಹೋದರೆ ಸಿಕ್ಕ ಉತ್ತರ: “ಅಂಗಿಗೂ ಎಕ್ಸ್‌ರೇ ತೆಗೆದು ಫಿಲ್ಮ್ ದಂಡ ಮಾಡಿದ್ರಾ ಜಬ್ಬಾರ್?”

ಜಬ್ಬಾರ್ ಬಿಡಲಿಲ್ಲ. ಹೊಸ ಏಪ್ರನ್ ಕೇಳಿದರು, ಸಣ್ಣತಾಯಮ್ಮನಿಗೊಂದು ಬ್ಯಾಡ್ಜ್ ಕೇಳಿದರು, ಯಂತ್ರದ ಬಾಯಲ್ಲಿ ಕಿರಣದ ಅಗಲವನ್ನು ಹಿಡಿತದಲ್ಲಿಡುವ ಸೀಸದ ಬಾಗಿಲು ತೆರೆದಲ್ಲೇ ಸಿಕ್ಕಿಕೊಂಡಿದೆ, ರಿಪೇರಿ ಮಾಡಿಸಿ ಎಂದರು. ಅಂಗೈಯಷ್ಟು ಜಾಗದ ಪಟ ತೆಗೆಯಲು ಅಂಗೈಯಷ್ಟು ಕಿರಣ ಸಾಕು. ಆ ಬಾಗಿಲು ಮುಚ್ಚದಿದ್ದರೆ ಮೊರದಷ್ಟು ಜಾಗಕ್ಕೆ ಬೀಳುತ್ತದೆ. ಕೇಳಿದ್ದರಲ್ಲಿ ಏಪ್ರನ್ ಬರಲಿಲ್ಲ. ಬಾಗಿಲು ರಿಪೇರಿಯಾಗಲಿಲ್ಲ. ಬ್ಯಾಡ್ಜ್ ಮಾತ್ರ ಬಂತು. ಬಂದ ರೀತಿ ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ಶಿವರಾಮು ಬಿಟ್ಟುಹೋದ ಮೇಲೂ ಅವರ ಹೆಸರಿನ ಬ್ಯಾಡ್ಜನ್ನು ಕಚೇರಿ ನಿಲ್ಲಿಸಿರಲಿಲ್ಲ. ಪ್ರತಿ ತಿಂಗಳೂ ಹೊಸ ಫಿಲ್ಮು ಬಂದು, ಡ್ರಾಯರಿನಲ್ಲೇ ಮಲಗಿದ್ದು, ಬೆಳ್ಳಗೇ ವಾಪಸು ಹೋಗುತ್ತಿತ್ತು. ಅದನ್ನೇ ಎತ್ತಿ ಸಣ್ಣತಾಯಮ್ಮನ ಕೈಗಿಟ್ಟರು. ಅಕ್ಕನ ಮಗಳ ಮದುವೆಗೆಂದು ಜಬ್ಬಾರ್ ಮೈಸೂರಿಗೆ ಹೋಗಿದ್ದ ವಾರ ಅದು. ಕಚೇರಿಯ ಗುಮಾಸ್ತರು ಹೇಳಿದ್ದು ಇಷ್ಟೇ: “ಇದು ಕಿರಣಕ್ಕೆ. ಜೋಪಾನ.”

ಕಿರಣಕ್ಕೆ ಎಂದರೆ ಏನೆಂದು ತಿಳಿಯಬೇಕು? ದೃಷ್ಟಿಗೆ, ಗಾಳಿಗೆ, ಚಳಿಜ್ವರಕ್ಕೆ ಎಂದು ಕಟ್ಟುವ ತಾಯಿತಗಳನ್ನು ದಿನಾ ಬಿಚ್ಚಿ ಕಟ್ಟುವ ಕೈ ಸಣ್ಣತಾಯಮ್ಮನದು. ದೃಷ್ಟಿಗೆ ಕಟ್ಟಿದ್ದು ದೃಷ್ಟಿಯನ್ನು ತಡೆಯುತ್ತದೆ. ಕಿರಣಕ್ಕೆ ಕೊಟ್ಟಿದ್ದು ಕಿರಣವನ್ನು ತಡೆಯುತ್ತದೆ. ಅವರ ಮನಸ್ಸಿಗೆ ಹೊಳೆದದ್ದು ಅದೇ. ಇನ್ನೊಬ್ಬರಾಗಿದ್ದರೆ ಅದನ್ನು ಎದೆಗೆ ಸಿಕ್ಕಿಸಿಕೊಂಡು ನೆಮ್ಮದಿಯಾಗಿ ಇರುತ್ತಿದ್ದರು, ಫಿಲ್ಮು ತನ್ನ ಪಾಡಿಗೆ ತಾನು ಲೆಕ್ಕ ಹಿಡಿಯುತ್ತಿತ್ತು. ಸಣ್ಣತಾಯಮ್ಮ ಹಾಗೆ ಮಾಡಲಿಲ್ಲ. ಮಗುವಿನ ತಾಯಿತ ಬಿಚ್ಚಿ ತಮ್ಮ ಕೈಗೆ ಕಟ್ಟಿಸಿಕೊಂಡ ಮೇಲೆ, ತಮ್ಮ ಎದೆಯ ಬಿಲ್ಲೆ ತೆಗೆದು ಮಗುವಿನ ಸೊಂಟಕ್ಕೆ ಕಟ್ಟಿದರು. ಒಂದು ಮಗುವಿಗೆ ಕಟ್ಟಿದ್ದಲ್ಲ, ಬಂದ ಮಕ್ಕಳಿಗೆಲ್ಲ ಕಟ್ಟಿದರು. ಪಟ ಮುಗಿದ ಕೂಡಲೇ ಬಿಚ್ಚಿ ಮತ್ತೆ ಎದೆಗೆ.

“ಇನ್ನೇನ್ ಮಾಡ್ಬೇಕಿತ್ತು? ಅವ್ರ ತಾಯ್ತ ನಾನು ಕಿತ್ಕೊಂಡಿವ್ನಿ. ಮಗೀನ ಬರಿಮೈಲಿ ಬುಡಕಾದ್ದಾ? ನಂದು ಬೆಳ್ದ ಮೈ, ತಡ್ಕತದೆ. ಒಂದ್ ಬಿಲ್ಲೆ ಅದೆ ಅಂದ್ರೆ ಅದು ಮಗೀಗೇ ತಾನೆ.”

ಮದುವೆ ಮುಗಿಸಿ ಬಂದ ಜಬ್ಬಾರರಿಗೆ ಇದು ಕಾಣಲಿಲ್ಲ. ಕಿಂಡಿಯಿಂದ ನೋಡುವಾಗ ಮಗುವಿನ ಸೊಂಟಕ್ಕೆ ಬಟ್ಟೆ ಹೊದಿಸಿರುತ್ತಿತ್ತು. ಕೈಯ ಪಟವೋ ಕಾಲಿನ ಪಟವೋ ಆದ್ದರಿಂದ ಫಿಲ್ಮಿನಲ್ಲೂ ಬಿಲ್ಲೆಯ ನೆರಳು ಬೀಳಲಿಲ್ಲ. ಬೊಂಬಾಯಿಯವರಿಗೆ ಮಾತ್ರ ಕಂಡಿತು. ಅಲ್ಲಿಂದ ಬಂದ ಪತ್ರದಲ್ಲಿ ಶಿವರಾಮು ಎಂಬ ನೌಕರರ ಮೈಗೆ ಮಿತಿ ಮೀರಿ ಕಿರಣ ತಾಗಿದೆ, ಕೂಡಲೇ ಅವರನ್ನು ಆ ಕೆಲಸದಿಂದ ದೂರವಿಡಿ, ಯಂತ್ರವನ್ನು ತಪಾಸಣೆ ಮಾಡಿಸಿ ಎಂದಿತ್ತು. ಅಷ್ಟು ಹೊತ್ತಿಗೆ ಶಿವರಾಮು ಗುಂಡ್ಲುಪೇಟೆಯಲ್ಲಿ ವೀಡಿಯೋ ಕ್ಯಾಸೆಟ್ ಅಂಗಡಿ ಇಟ್ಟು ಎಷ್ಟೋ ಕಾಲವಾಗಿತ್ತು. ಸಂತೆಯಲ್ಲಿ ಸಿಕ್ಕಾಗ ಜಬ್ಬಾರ್ ಕೇಳಿದರು: “ಏನಪ್ಪಾ, ನಿನ್ನ ಮೈಗೆ ಕಿರಣ ಜಾಸ್ತಿ ಆಗಿದೆಯಂತೆ?”

“ಟೀವೀದಿರ್ಬೇಕು ಬುಡಿ ಸಾಬ್ರೆ,” ಎಂದು ಶಿವರಾಮು ಅಂಗಡಿಯ ಹೊಸ ಕ್ಯಾಸೆಟ್ಟುಗಳ ವಿಚಾರ ತೆಗೆದರಂತೆ.

ಜಬ್ಬಾರ್ ಸಣ್ಣತಾಯಮ್ಮನನ್ನು ಕೂರಿಸಿಕೊಂಡು ವಿಚಾರಿಸಿದಾಗ ಅವರು ಒಂದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ಆಗಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಬಿಲ್ಲೆ ಯಾವುದನ್ನೂ ತಡೆಯುವುದಿಲ್ಲ, ಬಿದ್ದದ್ದನ್ನು ಅಳೆಯುತ್ತದೆ ಅಷ್ಟೇ ಎಂದು ಜಬ್ಬಾರ್ ಬಿಡಿಸಿ ಹೇಳಿದರು. ಕೇಳಿಸಿಕೊಂಡ ಸಣ್ಣತಾಯಮ್ಮ ಕೇಳಿದ್ದು ಒಂದೇ ಮಾತು: “ಅಂಗಾರೆ ಆ ಮಕ್ಕಳ್ಗೆಲ್ಲ ಸುಮ್ಕೆ ಕಟ್ದಂಗಾಯ್ತಾ?”

ಸುಮ್ಮನೆ ಕಟ್ಟಿದಂತಾಗಲಿಲ್ಲ ಎಂದು ಜಬ್ಬಾರ್ ಇವತ್ತಿಗೂ ವಾದಿಸುತ್ತಾರೆ. ಅವರ ದನಿ ಏರುವುದು ಇಲ್ಲಿಯೇ. “ನೋಡಿ, ಬ್ಯಾಡ್ಜ್ ಸುಳ್ಳು ಹೇಳಿಲ್ಲ. ಮಗುವಿನ ಸೊಂಟದಲ್ಲಿ ಕೂತ್ಕೊಂಡು ಅಲ್ಲಿ ಎಷ್ಟು ಬಿತ್ತು ಅಂತ ಹೇಳಿದೆ. ಮೊಣಕೈ ಮುರಿದ ಮಗುವಿನ ಸೊಂಟಕ್ಕೆ ಯಾಕೆ ಬೀಳಬೇಕು? ಆ ಬಾಗಿಲು ಕೆಟ್ಟಿದೆ ಅಂತ ನಾನು ಬಾಯಲ್ಲಿ ಹೇಳಿದ್ರೆ ಯಾರೂ ನಂಬಲಿಲ್ಲ. ಇವರು ಗೊತ್ತಿಲ್ಲದೇ ಅಳೆದು ತೋರಿಸಿಬಿಟ್ಟರು. ಮಗುವಿನ ಮೈಗೆ ಇಷ್ಟು ಅಂದ್ರೆ ಪಕ್ಕದಲ್ಲೇ ನಿಂತ ಇವರ ಕೈಗೆ, ಆ ಹರಿದ ಏಪ್ರನ್ ಒಳಗಿನ ಹೊಟ್ಟೆಗೆ ಎಷ್ಟು? ಅದನ್ನ ಯಾರು ಲೆಕ್ಕ ಹಾಕಿದ್ದಾರೆ?”

ಯಾರೂ ಹಾಕಲಿಲ್ಲ. ಕಚೇರಿಯಿಂದ ಬೊಂಬಾಯಿಗೆ ಹೋದ ಉತ್ತರದಲ್ಲಿ ಬ್ಯಾಡ್ಜ್ ದುರುಪಯೋಗವಾಗಿದೆ, ಸಂಬಂಧಪಟ್ಟ ನೌಕರರನ್ನು ಎಕ್ಸ್‌ರೇ ವಿಭಾಗದಿಂದ ತೆಗೆದುಹಾಕಲಾಗಿದೆ ಎಂದು ಬರೆಯಲಾಯಿತು. ಸಂಬಂಧಪಟ್ಟ ನೌಕರ ಎಂದರೆ ಕಾಗದದ ಮೇಲೆ ಶಿವರಾಮು. ಯಾವತ್ತೋ ಬಿಟ್ಟುಹೋದವರನ್ನು ಮತ್ತೊಮ್ಮೆ ತೆಗೆದುಹಾಕಿದರು. ಯಂತ್ರದ ಬಾಗಿಲ ಮಾತು ಉತ್ತರದಲ್ಲಿ ಬರಲೇ ಇಲ್ಲ. ಕಾಗದದ ಆಚೆ, ಜೀವಂತವಾಗಿರುವ ಸಣ್ಣತಾಯಮ್ಮನನ್ನು ಕರೆದು, ಬಿಲ್ಲೆ ಕಿತ್ತುಕೊಂಡು, ಇನ್ನು ಮೇಲೆ ಎಕ್ಸ್‌ರೇ ಕೋಣೆಯತ್ತ ತಲೆ ಹಾಕಬೇಡ, ವಾರ್ಡು ಗುಡಿಸು ಎಂದರು. ಆ ಕೋಣೆಯಲ್ಲಿ ಅವರು ಇದ್ದದ್ದಕ್ಕೆ ಯಾವ ಗುರುತೂ ಉಳಿಯಲಿಲ್ಲ. ಅಷ್ಟು ವರ್ಷ ಮೈಗೆ ಬಿದ್ದದ್ದು ಯಾರ ಹೆಸರಲ್ಲೂ ಇಲ್ಲ. ಬಿಲ್ಲೆ ಹಿಡಿದ ಆ ಕೆಲವು ದಿನಗಳದ್ದು ಕ್ಯಾಸೆಟ್ ಅಂಗಡಿಯವರ ಹೆಸರಲ್ಲಿದೆ.

ಹಾಗಾದರೆ ಮಕ್ಕಳನ್ನು ಹಿಡಿಯುವವರು ಯಾರು? ಅವರವರ ತಾಯಂದಿರೇ ಹಿಡಿಯಲಿ ಎಂದು ಮ್ಯಾನೇಜರ್ ಆರ್ಡರು ಮಾಡಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಮಾಡಿದವರಿಗೆ ಒಂದು ಸಂಗತಿ ಹೊಳೆದಿರಲಿಲ್ಲ. ಬಸುರಿಯಾದವಳು ಕಿರಣದ ಹತ್ತಿರ ಹೋಗಬಾರದು. ಕಂಕುಳಲ್ಲಿ ಒಂದು ಕೂಸಿರುವ ಹೆಂಗಸು ಬಸುರಿಯೋ ಅಲ್ಲವೋ ಎಂದು ಜಬ್ಬಾರ್ ಹೇಗೆ ಕೇಳಬೇಕು? ಗಂಡಸು ಕೇಳಿದರೆ ಅವಳಾದರೂ ಹೇಗೆ ಬಾಯಿ ಬಿಡಬೇಕು? ಅಷ್ಟು ವರ್ಷ ಆ ಪ್ರಶ್ನೆಯನ್ನು ಕೇಳುತ್ತಿದ್ದವರು ಸಣ್ಣತಾಯಮ್ಮ. ಅದೂ ಅವರ ಕೆಲಸವೆಂದು ಯಾರೂ ಬರೆದುಕೊಂಡಿರಲಿಲ್ಲ.

ಆರ್ಡರಾಗಿ ವಾರ ಕಳೆದಿರಲಿಲ್ಲ. ಪುಣಜನೂರು ಕಡೆಯ ಕುಮಾರಿ ಎಂಬ ಹೆಣ್ಣುಮಗಳು ಹೆಗಲ ಮುಂದಿನ ಮೂಳೆ ಮುರಿದುಕೊಂಡ ಮಗಳು ಶಿವರಂಜಿನಿಯನ್ನು ಎತ್ತಿಕೊಂಡು ಬಂದಳು. ಜಬ್ಬಾರ್ ತಡವರಿಸುತ್ತಾ “ಬೇರೆ ಏನಾದ್ರೂ ತೊಂದರೆ ಇದೆಯೇನಮ್ಮ ನಿನಗೆ” ಎಂದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಸೆರಗು ಬಿಗಿದು ಕಟ್ಟಿಕೊಂಡು ಒಳಗೆ ಹೊರಟಳು. ಕಾರಿಡಾರು ಒರೆಸುತ್ತಿದ್ದ ಸಣ್ಣತಾಯಮ್ಮ ಅವಳ ನಡಿಗೆ ನೋಡಿದರು, ಗೋಡೆ ಹಿಡಿದು ನಿಂತದ್ದು ನೋಡಿದರು. ಹತ್ತಿರ ಹೋಗಿ ಕಿವಿಯಲ್ಲಿ ಮುಟ್ಟಿನ ವಿಚಾರ ಕೇಳಿದರು.

“ವರುಗ್ ಕುಂತು ಯಾವ್ ಕಾಲ ಆಯ್ತವ್ವ?”

ಕುಮಾರಿ ನೆಲ ನೋ​ಡಿದಳು. “ಯುಗಾದಿಗ್ ಮುಂಚೆ ಕಣಕ್ಕ.”

“ಕೊಡಿಲ್ಲಿ ಮಗೀನ. ನೀನು ಆ ಬೆಂಚ್ ಮ್ಯಾಲೆ ಕುಂತ್ಕೊ, ಓಗು.”

ಮಗುವನ್ನು ಎತ್ತಿಕೊಂಡು ಒಳಗೆ ನಡೆದೇ ಬಿಟ್ಟರು. ಪಟ ಮುಗಿಸಿ ಹೊರಗೆ ಬಂದಾಗ ಬಾಗಿಲಲ್ಲೇ ಮ್ಯಾನೇಜರ್ ನಿಂತಿದ್ದರು. ಬೆಂಚಿನ ಮೇಲಿದ್ದ ಜನರೆಲ್ಲ ಕೇಳಿಸಿಕೊಂಡಿದ್ದಾರೆ ಆ ಮಾತನ್ನು.

“ಅಲ್ಲಿಗೆ ಹೋಗಬೇಡ ಅಂತ ನಿನಗೆ ಹೇಳಿರಲಿಲ್ವಾ?”

“ಯೋಳಿದ್ರಿ ಸಾ. ಆ ಯೆಂಗ್ಸು ಓಗ್ಬಾರ್ದಾಗಿತ್ತು. ಅದ್ಕೆ ನಾನೋದೆ.”

“ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು?”

“ಯಾರೂ ಅಲ್ಲ ಸಾ. ನೀವೇ ಇಡ್ಕೊಳದಾದ್ರೆ ಇನ್ನೊಂದು ಪಟ ಬಾಕಿ ಅದೆ, ಬನ್ನಿ.”

ಬೆಂಚಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಒಳಗೆ ಕತ್ತು ಚಾಚಿ ಯಂತ್ರ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, “ನಾನು ಏನೂ ನೋಡಿಲ್ಲ ಅಂತ ತಿಳ್ಕೋ” ಎಂದು ಹೊರಟುಹೋದರು. ಆವತ್ತಿನಿಂದ ಇದೇ ಏರ್ಪಾಡು. ಅವರು ಬರುವ ಮುಂಚೆ, ಅವರು ಊಟಕ್ಕೆ ಹೋದಾಗ, ಅವರು ಬೇರೆ ಕಡೆ ತಿರುಗಿದಾಗ ಸಣ್ಣತಾಯಮ್ಮ ಮಗು ಹಿಡಿಯುತ್ತಾರೆ. ಆಸ್ಪತ್ರೆ ನಡೆಯುವುದು ಅವರ ಕೈಯ ಮೇಲೆ. ಆ ಕೈಯನ್ನು ನೋಡದಿರುವುದು ಆಸ್ಪತ್ರೆಯ ನೀತಿ.

ಚಾಮರಾಜನಗರ ಜಿಲ್ಲೆಯಾಗಿ ಊರಿನ ಬೋರ್ಡುಗಳೆಲ್ಲ ಹೊಸ ಬಣ್ಣ ಕಂಡವು. ಆಸ್ಪತ್ರೆಯ ಗೇಟಿಗೂ ಬಣ್ಣ ಬಂತು. ಯಂತ್ರದ ಸೀಸದ ಬಾಗಿಲು ತೆರೆದೇ ಇದೆ. ಫಿಲ್ಮಿನ ಅಳತೆಗೆ ರಂಧ್ರ ಕೊರೆದ ಸೀಸದ ತಗಡೊಂದನ್ನು ಜಬ್ಬಾರ್ ತಾವೇ ಕುಯ್ಯಿಸಿ ತಂದು ಯಂತ್ರದ ಬಾಯಿಗೆ ಕಟ್ಟಿದ್ದಾರೆ. ಪೂರಾ ಅಲ್ಲದಿದ್ದರೂ ಅಷ್ಟೋ ಇಷ್ಟೋ ತಡೆಯುತ್ತದೆ. ಹರಿದ ಏಪ್ರನ್ನಿನ ಸೀಳು ಬಿದ್ದ ಕಡೆಗೆ ಮೂಲೆಗೆ ಬಿದ್ದಿದ್ದ ಇನ್ನೊಂದು ಹಳೆಯ ಏಪ್ರನ್ನಿನ ತುಂಡು ಹೊಲಿಸಿದ್ದಾರೆ, ಹಾಸಿಗೆ ಹೊಲಿಯುವ ದಬ್ಬಳದಲ್ಲಿ. ಈಗ ಅದು ಮೊದಲಿಗಿಂತ ಭಾರ. ಸಣ್ಣತಾಯಮ್ಮ ತೊಟ್ಟು ನಿಂತರೆ ಹೆಗಲ ಮೇಲೆ ಮೂಟೆ ಹೊತ್ತವರಂತೆ ಕಾಣುತ್ತಾರೆ. ಇಂಥ ತೇಪೆಗಳಿಂದ ಒಂದು ಕೋಣೆ ನಡೆಯಬೇಕೆ ಎಂದು ಕೇಳಿದರೆ ಜಬ್ಬಾರ್ ಕೈ ಚೆಲ್ಲುತ್ತಾರೆ. ಸಣ್ಣತಾಯಮ್ಮನ ಹೆಸರಿನಲ್ಲಿ ಬ್ಯಾಡ್ಜ್ ಬೇಕೆಂದು ಡಾಕ್ಟರಮ್ಮನ ರುಜು ಹಾಕಿಸಿ ಮತ್ತೊಮ್ಮೆ ಕೇಳಿದ್ದಾರೆ.

ಆ ಬಗ್ಗೆ ಮ್ಯಾನೇಜರ್ ಉತ್ತರ ಸ್ಪಷ್ಟವಾಗಿದೆ. “ಎಕ್ಸ್‌ರೇ ಸಮಯದಲ್ಲಿ ರೋಗಿಯನ್ನು ಹಿಡಿದುಕೊಳ್ಳುವ ಹುದ್ದೆ ನಮ್ಮಲ್ಲಿ ಇಲ್ಲ. ಇಲ್ಲದ ಹುದ್ದೆಗೆ ಬ್ಯಾಡ್ಜ್ ಹೇಗೆ ತರಿಸುವುದು?” ಹೌದು, ಹುದ್ದೆ ಇಲ್ಲ. ಮುರಿದ ಕೈಗಳು ಇವೆ, ಒದ್ದಾಡುವ ಮಕ್ಕಳಿದ್ದಾರೆ. ಮುಚ್ಚಿದ ಬಾಗಿಲ ಒಳಗೆ ಒಬ್ಬ ಹೆಂಗಸು ನಿಂತಿದ್ದಾರೆ.

ಸಣ್ಣತಾಯಮ್ಮನಿಗೆ ಈಗ ಬಿಲ್ಲೆ ಏನೆಂದು ಗೊತ್ತು. ಅದು ಕಾಯುವುದಿಲ್ಲ ಎಂದು ಗೊತ್ತಿದ್ದೂ ಅವರಿಗೆ ಅದು ಬೇಕು. ಯಾಕೆ ಎಂದರೆ, ಹಿಂಡಿದ ಒರೆಸುವ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹರವುತ್ತಾ ನಿಧಾನಕ್ಕೆ ಹೇಳುತ್ತಾರೆ.

“ಮೊದ್ಲು ಆ ಸೀಸದ ಬಾಗ್ಲು ರಿಪೇರಿ ಮಾಡುಸ್ಲಿ. ಮಕ್ಕಳ್ಗೆ ಬ್ಯಾಡದ್ ಕಡೆ ಬೀಳದು ನಿಲ್ಲಲಿ. ಆಮ್ಯಾಕೆ ನಂಗೊಂದು ಬಿಲ್ಲೆ ಕೊಡ್ಲಿ. ನನ್ ಮೈಮ್ಯಾಲೆ ಬಿದ್ದದ್ದು ನನ್ನೆಸ್ರಿಗೇ ಬರ್ಕೊಳ್ಲಿ. ಎಷ್ಟಾರಾ ಇರ್ಲಿ, ಅದು ನಂದು. ಆ ಸಿವರಾಮಪ್ಪನ ಲೆಕ್ಕಕ್ಕೆ ಯಾಕ್ ಸೇರುಸ್ಬೇಕು? ಅವ್ನು ಒಂದ್ ಮಗೀನಾರ ಇಡ್ದಿದ್ನಾ?”